ಎರಡನೇ ಸಲ ಬಡಿಸದ ಊರಿನಲ್ಲಿ

ಒಂದು ವರ್ಷದ ಶಾಲಾ ವಿನಿಮಯಕ್ಕೆಂದು ಫಿನ್ಲೆಂಡಿಗೆ ಹೋಗುವ ಹದಿಹರೆಯದವರು ಮೊದಲು ಇಳಿದುಕೊಳ್ಳುವುದು ಕಾಡಿನ ನಡುವಿನ ಒಂದು ಶಿಬಿರದಲ್ಲಿ. ನೆಂಟರಂತೆ ಬಂದವರು ಮನೆಮಕ್ಕಳಾಗುವ ತಾಲೀಮು ಅಲ್ಲಿಂದಲೇ ಶುರು.

ಫಿನ್ಲೆಂಡಿನ ತಂಪೆರೆ ನಗರದಿಂದ ಪಶ್ಚಿಮ ಕರಾವಳಿಯ ಪೋರಿ ಕಡೆಗೆ ಹೋಗುವ ರೈಲು ದಾರಿಯಲ್ಲಿ ಕರ್ಕು ಎಂಬ ಚಿಕ್ಕ ಊರಿದೆ. ಈಗ ಅದು ಸಸ್ತಮಲ ಪಟ್ಟಣಾಡಳಿತದ ಭಾಗ. ಮಧ್ಯಯುಗದ ಒಂದು ಕಲ್ಲಿನ ಚರ್ಚು, ಬರ್ಚ್ ಮತ್ತು ಪೈನ್ ಮರಗಳ ಕಾಡು, ಹತ್ತಿರದಲ್ಲೇ ಸರೋವರ. ವರ್ಷದ ಹೆಚ್ಚಿನ ದಿನಗಳಲ್ಲಿ ಅಷ್ಟೇನೂ ಸದ್ದುಗದ್ದಲವಿಲ್ಲದ ಜಾಗ. ಆಗಸ್ಟ್ ಬಂತೆಂದರೆ ಮಾತ್ರ ಇಲ್ಲಿನ ವಸತಿ ವಿದ್ಯಾಲಯಕ್ಕೆ ಬಸ್ಸುಗಟ್ಟಲೆ ಹುಡುಗ ಹುಡುಗಿಯರು ಬಂದಿಳಿಯುತ್ತಾರೆ. ಬ್ರೆಜಿಲ್, ಮೆಕ್ಸಿಕೊ, ಅಮೆರಿಕ, ಜಪಾನ್, ತೈವಾನ್, ಆಸ್ಟ್ರೇಲಿಯ ಹೀಗೆ ಹತ್ತಾರು ದೇಶದವರು. ರೋಟರಿ ಯುವ ವಿನಿಮಯ ಕಾರ್ಯಕ್ರಮದಡಿ ಫಿನ್ಲೆಂಡಿನ ಮನೆಗಳಲ್ಲಿ ಒಂದು ವರ್ಷ ಇರಲು ಬಂದವರಿವರು. ಹಲವು ವರ್ಷಗಳಿಂದ ಇವರ ಮೊದಲ ಪಾಠಶಾಲೆ ಈ ಕರ್ಕು.

ಧಾರವಾಡದಿಂದಲೋ ಮೈಸೂರಿನಿಂದಲೋ ಹೊರಟ ಹದಿನಾರರ ಹುಡುಗಿಯೊಬ್ಬಳು ಈ ಗುಂಪಿನಲ್ಲಿದ್ದಾಳೆ ಎಂದುಕೊಳ್ಳಿ. ಮನೆಯಲ್ಲಿ ಅವಳು ಒಳ್ಳೆಯ ಹುಡುಗಿ. ಹಿರಿಯರೆದುರು ದನಿ ಎತ್ತುವವಳಲ್ಲ. ಯಾರ ಮನೆಗೆ ಹೋದರೂ ಮೊದಲು ‘ಬೇಡ ಆಂಟಿ’ ಎಂದೇ ಹೇಳುವವಳು. ಕೇಳದೆ ಏನನ್ನೂ ಮುಟ್ಟದವಳು, ಬೇಕೆಂದು ಬಾಯಿಬಿಟ್ಟು ಕೇಳಲೂ ಆಗದವಳು. ನಮ್ಮ ಕಡೆ ಇದಕ್ಕೆ ಸಂಸ್ಕಾರ ಅನ್ನುತ್ತೇವೆ. ಕರ್ಕುವಿನ ದಿನಗಳಲ್ಲಿ ಅವಳು ಬಿಡಲು ಕಲಿಯಬೇಕಾದದ್ದು ಈ ಸಂಸ್ಕಾರದ ಅರ್ಧ ಭಾಗವನ್ನು. ಯಾವ ಅರ್ಧವನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದರಲ್ಲೇ ಮುಂದಿನ ವರ್ಷದ ಸುಖದುಃಖವೆಲ್ಲ ಇದೆ.

ಯುದ್ಧ ಕಳೆದ ಮೇಲೆ ಬಂದ ಮಕ್ಕಳು

ಮಕ್ಕಳನ್ನು ಹೀಗೆ ಬೇರೆ ದೇಶದ ಮನೆಗಳಿಗೆ ಕಳಿಸುವ ಪದ್ಧತಿಗೆ ಸುಮಾರು ನೂರು ವರ್ಷವಾಗುತ್ತ ಬಂತು. ರೋಟರಿಯಲ್ಲಿ ಇಂಥ ಮೊದಲ ವಿನಿಮಯ ನಡೆದದ್ದು 1927ರಲ್ಲಿ, ಫ್ರಾನ್ಸಿನ ನೀಸ್ ನಗರದ ಕ್ಲಬ್ಬಿನ ಮೂಲಕ. ಎರಡನೇ ಮಹಾಯುದ್ಧ ಬಂದಾಗ ಯುರೋಪಿನಲ್ಲಿ ಅದು ನಿಂತಿತು, ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ ಚಿಗುರಿತು. ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. ಎರಡೂ ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಹೊತ್ತ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಸಂಘ ಎಎಫ್ಎಸ್, ಶಾಂತಿಕಾಲದಲ್ಲಿ ತಾನು ಮಾಡಬೇಕಾದ ಕೆಲಸ ಯಾವುದೆಂದು ಯೋಚಿಸಿ ಶಾಲಾ ವಿನಿಮಯವನ್ನು ಆರಿಸಿಕೊಂಡಿತು. 1947ರಲ್ಲಿ 10 ದೇಶಗಳ 52 ವಿದ್ಯಾರ್ಥಿಗಳು ಅಮೆರಿಕದ ಮನೆಗಳಿಗೆ ಬಂದರು.

ರಣರಂಗದಲ್ಲಿ ಗಾಯಾಳುಗಳನ್ನು ಹೊತ್ತವರಿಗೆ ಈ ಯೋಚನೆ ಬಂದದ್ದು ಸುಮ್ಮನೆ ಅಲ್ಲ. ಶತ್ರುವಿನ ಮನೆಯ ಊಟದ ಮೇಜಿನಲ್ಲಿ ಒಂದು ವರ್ಷ ಕೂತೆದ್ದ ಹುಡುಗ ನಾಳೆ ಆ ಮನೆಯ ಮೇಲೆ ಬಾಂಬು ಹಾಕಲು ಹಿಂದೆಮುಂದೆ ನೋಡಿಯಾನು ಎಂಬ ಸರಳ ಲೆಕ್ಕಾಚಾರ ಅದು. ಹಾಗಾಗಿಯೇ ಇಂಥ ವಿನಿಮಯಗಳಲ್ಲಿ ಹಾಸ್ಟೆಲ್ ಇಲ್ಲ, ಇರುವುದು ಮನೆ. ರೋಟರಿ ವಿನಿಮಯಕ್ಕೆ ಸಾಮಾನ್ಯವಾಗಿ 15ರಿಂದ 19ರ ವಯಸ್ಸಿನವರನ್ನು ಆರಿಸುತ್ತಾರೆ. ವಿದ್ಯಾರ್ಥಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿರುತ್ತಾನೆ. ಸಾಕುವ ಮನೆಯವರಿಗೆ ಅದಕ್ಕಾಗಿ ಹಣ ಸಿಗುವುದಿಲ್ಲ. ಶಾಲೆಯ ಶುಲ್ಕವೂ ಇಲ್ಲ. ಪಾಕೆಟ್ ಮನಿಯನ್ನು ಅಲ್ಲಿನ ಕ್ಲಬ್ಬೇ ತಿಂಗಳು ತಿಂಗಳು ಕೊಡುತ್ತದೆ. ವಿಮಾನ, ವಿಮೆ, ವೀಸಾದ ಖರ್ಚು ಮಾತ್ರ ಹೆತ್ತವರದು.

ಕೋಟಿನ ತುಂಬ ಪಿನ್ನು

ಹೊರಡುವ ಹಿಂದಿನ ವಾರ ನಮ್ಮ ಮನೆಗಳಲ್ಲಿ ನಡೆಯುವ ಗಡಿಬಿಡಿ ಗೊತ್ತಿರುವಂಥದ್ದೇ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ತುಪ್ಪದ ಡಬ್ಬಿ, ಆತಿಥ್ಯ ಕೊಡುವವರಿಗೆಂದು ಎರಡು ಕಿಲೋ ಧಾರವಾಡ ಪೇಡ. ಇದರಲ್ಲಿ ಪೇಡ ಮತ್ತು ತುಪ್ಪ ಮನೆಯಲ್ಲೇ ಉಳಿಯುವುದು ಕ್ಷೇಮ. ಹಾಲು ಮತ್ತು ಮಾಂಸದಿಂದ ಮಾಡಿದ ತಿನಿಸುಗಳನ್ನು ಭಾರತದಂಥ ದೇಶಗಳಿಂದ ಬರುವ ಪ್ರಯಾಣಿಕರು ತರಬಾರದೆಂಬುದು ಐರೋಪ್ಯ ಒಕ್ಕೂಟದ ನಿಯಮ. ಚನ್ನಪಟ್ಟಣದ ಗೊಂಬೆ, ಇಳಕಲ್ಲಿನ ಒಂದು ತುಂಡು ಬಟ್ಟೆ, ಒಂದಿಷ್ಟು ಚಟ್ನಿಪುಡಿ ಸಾಕು.

ಇನ್ನೊಂದು ಸಾಮಾನು ಮಾತ್ರ ಮರೆಯುವಂತಿಲ್ಲ: ಸಣ್ಣ ಸಣ್ಣ ಪಿನ್ನುಗಳು. ರೋಟರಿ ವಿನಿಮಯದ ಹುಡುಗರಿಗೆಲ್ಲ ಒಂದು ಬ್ಲೇಜರ್ ಕೋಟು ಇರುತ್ತದೆ. ಭೇಟಿಯಾದವರೊಡನೆ ಬಾವುಟದ ಪಿನ್ನು, ಊರಿನ ಪಿನ್ನು, ಬ್ಯಾಡ್ಜುಗಳನ್ನು ಅದಲುಬದಲು ಮಾಡಿ ಕೋಟಿಗೆ ಚುಚ್ಚಿಕೊಳ್ಳುವುದು ಇವರೆಲ್ಲರ ರೂಢಿ. ವರ್ಷ ಮುಗಿಯುವ ಹೊತ್ತಿಗೆ ಕೋಟಿನ ಬಟ್ಟೆಯೇ ಕಾಣದಷ್ಟು ತುಂಬುವುದುಂಟು. ನೋಡುವವರಿಗೆ ಇದು ಮಕ್ಕಳಾಟ. ಆದರೆ ಯಾರ ಭಾಷೆಯೂ ಯಾರಿಗೂ ಸರಿಯಾಗಿ ಬಾರದ ಮೊದಲ ಸಂಜೆ, ಪರಿಚಯವಿಲ್ಲದವರ ಹತ್ತಿರ ಹೋಗಿ ನಿಲ್ಲಲು ಒಂದು ನೆಪ ಬೇಕಲ್ಲ. ಪಿನ್ನು ಆ ನೆಪ. ನಾಚಿಕೆಯ ಹುಡುಗಿ ಮೈಸೂರು ಅರಮನೆಯ ಪಿನ್ನು ಹಿಡಿದು ಬ್ರೆಜಿಲ್ಲಿನ ಹುಡುಗಿಯ ಮುಂದೆ ನಿಂತರೆ ಅರ್ಧ ಕೆಲಸ ಮುಗಿದಂತೆ.

ಶಿಬಿರ ನಡೆಸುವವರಲ್ಲಿ ನಡುವಯಸ್ಸಿನ ರೋಟೇರಿಯನ್ನರ ಜೊತೆಗೆ ರೋಟೆಕ್ಸ್ ಎಂಬ ಬಳಗದ ಯುವಕ ಯುವತಿಯರೂ ಇರುತ್ತಾರೆ. ಹಿಂದೆ ಹೀಗೆಯೇ ವಿನಿಮಯಕ್ಕೆ ಹೋಗಿ ಬಂದವರು ಇವರು. ಹಿರಿಯರು ಹೇಳಿದರೆ ಉಪದೇಶವಾಗುವ ಮಾತು ಇವರ ಬಾಯಲ್ಲಿ ಅನುಭವವಾಗುತ್ತದೆ. ರಾತ್ರಿ ಅಳು ಬಂದರೆ ಯಾರ ಬಾಗಿಲು ತಟ್ಟಬೇಕೆಂದು ಹುಡುಗರಿಗೆ ಬೇಗ ತಿಳಿಯುವುದೂ ಇವರಿಂದಲೇ.

ವಿಭಕ್ತಿಗಳ ತರಗತಿ

ಶಿಬಿರದ ದೊಡ್ಡ ಪಾಲು ಹೊತ್ತು ಫಿನ್ನಿಷ್ ಭಾಷೆಯ ಪಾಠಕ್ಕೆ ಹೋಗುತ್ತದೆ. ಈ ಭಾಷೆಗೆ 15 ವಿಭಕ್ತಿಗಳಿವೆ ಎಂದು ಕೇಳಿದಾಗ ಅಮೆರಿಕದ ಹುಡುಗರ ಮುಖ ಬಾಡುತ್ತದೆ. ಕನ್ನಡದ ಹುಡುಗಿಗೆ ಮಾತ್ರ ಅಲ್ಲಿ ಹಳೆಯ ಪರಿಚಯದವರು ಸಿಕ್ಕಂತೆ ಆಗಬೇಕು. ‘ತಲೊ’ ಎಂದರೆ ಮನೆ. ಮನೆಯಲ್ಲಿ ಅನ್ನಲು ‘ತಲೊಸ್ಸ’, ಮನೆಯಿಂದ ಅನ್ನಲು ‘ತಲೊಸ್ತ’, ಮನೆಯೊಳಕ್ಕೆ ಅನ್ನಲು ‘ತಲೋನ್’. ಇಂಗ್ಲಿಷಿನವರು ಪದಕ್ಕೆ ಮೊದಲು ಬಿಡಿಯಾಗಿ ಇಡುವುದನ್ನು ಫಿನ್ನಿಷಿನವರು ನಮ್ಮ ಹಾಗೆಯೇ ಪದದ ಬಾಲಕ್ಕೆ ಅಂಟಿಸುತ್ತಾರೆ. ಹ್ರಸ್ವ ದೀರ್ಘದ ಭೇದ, ಒತ್ತಕ್ಷರದ ಭೇದ ಅಲ್ಲೂ ಅರ್ಥ ಬದಲಿಸುತ್ತವೆ. ಬರೆದಂತೆ ಓದುವ ಭಾಷೆ, ಓದಿದಂತೆ ಬರೆಯುವ ಭಾಷೆ.

ಈ ಹೋಲಿಕೆ ಹಳೆಯ ಕಾಲದ ಪಂಡಿತರನ್ನೂ ಕಾಡಿತ್ತು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ದ್ರಾವಿಡ ಭಾಷೆಗಳಿಗೆ ತಾನು ‘ಸಿಥಿಯನ್’ ಎಂದು ಕರೆದ ಗುಂಪಿನ ಜೊತೆ ನಂಟಿದೆ ಎಂದು ವಾದಿಸಿದ್ದ. ಫಿನ್ನಿಷ್ ಕೂಡ ಆ ಗುಂಪಿನಲ್ಲಿತ್ತು. ಇಂದಿನ ಭಾಷಾವಿಜ್ಞಾನಿಗಳು ಈ ನಂಟನ್ನು ಒಪ್ಪುವುದಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಕಟ್ಟುವ ರೀತಿ ಒಂದೇ ಇರುವುದರಿಂದ, ಕನ್ನಡ ಗೊತ್ತಿರುವ ಮಗು ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದ ಮೂಲಕ ಫಿನ್ನಿಷ್ ಕಲಿತರೆ ದಾರಿ ಹತ್ತಿರ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ವ್ಯಾಕರಣವನ್ನು ಮರೆತವರು ಇದನ್ನು ಗಮನಿಸಬೇಕು.

ಶಿಬಿರದಲ್ಲಿ ಕಲಿತ ಭಾಷೆಯಿಂದ ಯಾರೂ ಹರಟೆ ಹೊಡೆಯುವಷ್ಟು ಪಳಗುವುದಿಲ್ಲ. ಹೆಸರು, ಊರು, ಹಸಿವು, ಬಾಯಾರಿಕೆ, ಥ್ಯಾಂಕ್ಸ್, ಸಾರಿ, ಒಂದೆರಡು ಹಾಡು, ಒಂದಿಷ್ಟು ಎಣಿಕೆ, ಅಷ್ಟೇ. ಫಿನ್ನರಲ್ಲಿ, ಅದರಲ್ಲೂ ಯುವಕರಲ್ಲಿ, ಇಂಗ್ಲಿಷ್ ಬಲ್ಲವರು ಬಹಳ. ಹಾಗಾಗಿ ಇಂಗ್ಲಿಷಿನಲ್ಲೇ ವರ್ಷ ಕಳೆಯುವುದು ಸುಲಭ. ಶಿಬಿರದ ಮೇಷ್ಟ್ರುಗಳು ಎಚ್ಚರಿಸುವುದು ಇದನ್ನೇ. ಊಟದ ಮೇಜಿನಲ್ಲಿ ಮನೆಯವರೆಲ್ಲ ನಿಮ್ಮೊಬ್ಬರಿಗಾಗಿ ಇಂಗ್ಲಿಷ್ ಮಾತಾಡುತ್ತಿರುವಷ್ಟು ದಿನ ನೀವು ಅತಿಥಿ. ಅವರು ತಮ್ಮ ಪಾಡಿಗೆ ತಮ್ಮ ಭಾಷೆಯಲ್ಲಿ ಜಗಳವಾಡಿ, ಅದು ನಿಮಗೆ ಅರ್ಥವಾಗುವ ದಿನ ಮನೆಯವರು.

ನಮ್ಮ ಹುಡುಗಿಗೆ ವ್ಯಾಕರಣಕ್ಕಿಂತ ಕಷ್ಟವಾಗುವ ಸಂಗತಿ ಬೇರೆಯದು. ಪಾಠ ಹೇಳುವ ಐವತ್ತು ದಾಟಿದ ಹೆಂಗಸನ್ನು ಬರೀ ಹೆಸರು ಹಿಡಿದು ಕರೆಯಬೇಕು. ಮೇಡಂ ಇಲ್ಲ, ಮಿಸ್ ಇಲ್ಲ. ಫಿನ್ಲೆಂಡಿನ ಶಾಲೆಗಳಲ್ಲಿ ಇದೇ ಕ್ರಮ. ಬಹುವಚನದ ಮರ್ಯಾದೆ ಅಲ್ಲೂ ಉಂಟು, ಆದರೆ ದಿನಬಳಕೆಯಲ್ಲಿ ಕಡಿಮೆ. ಆತಿಥೇಯ ತಾಯಿಯನ್ನು ಹೆಸರಿನಿಂದ ಕರೆಯುವುದೋ, ಅಮ್ಮ ಅನ್ನುವುದೋ ಎಂಬುದನ್ನು ಆಕೆಯನ್ನೇ ಕೇಳಿ ತೀರ್ಮಾನಿಸಬೇಕು.

ಐದು ಗಂಟೆಗೆ ರಾತ್ರಿಯೂಟ

ಭಾರತಕ್ಕೂ ಫಿನ್ಲೆಂಡಿಗೂ ಬೇಸಿಗೆಯಲ್ಲಿ ಗಡಿಯಾರದ ಅಂತರ ಎರಡೂವರೆ ಗಂಟೆ ಮಾತ್ರ. ನಿದ್ದೆಗೆಡಿಸುವುದು ಗಡಿಯಾರವಲ್ಲ, ಬೆಳಕು. ಆಗಸ್ಟ್ ಆರಂಭದಲ್ಲಿ ತಂಪೆರೆಯ ಕಡೆ ಸೂರ್ಯ ಮುಳುಗುವಾಗ ರಾತ್ರಿ ಹತ್ತು. ಬೆಳಿಗ್ಗೆ ಐದಕ್ಕೆಲ್ಲ ಮತ್ತೆ ಹಾಜರು. ಇಷ್ಟು ಬೆಳಕಿರುವ ದೇಶದಲ್ಲಿ ರಾತ್ರಿಯೂಟವನ್ನು ಸಂಜೆ ಐದರ ಆಸುಪಾಸಿಗೇ ಮುಗಿಸುತ್ತಾರೆ. ಮಧ್ಯಾಹ್ನದ ಊಟ ಹನ್ನೊಂದಕ್ಕೇ ಆಗಿಬಿಡುತ್ತದೆ. ಒಂಬತ್ತೂವರೆಗೆ ಧಾರಾವಾಹಿ ನೋಡುತ್ತ ಅನ್ನ ಸಾರು ಉಂಡು ಬೆಳೆದವರ ಹೊಟ್ಟೆಗೆ ಇದು ಒಗ್ಗಲು ಕೆಲವು ದಿನ ಬೇಕು. ಮಲಗುವ ಮುಂಚೆ ರೊಟ್ಟಿಯ ತುಂಡು, ಚೀಸು, ಮೊಸರಿನಂಥ ಲಘು ತಿಂಡಿ ಇರುತ್ತದೆ ಎಂಬುದು ಸಮಾಧಾನ.

ತಟ್ಟೆಯಲ್ಲಿ ರೈ ಧಾನ್ಯದ ಕಪ್ಪು ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಸಾಲ್ಮನ್ ಮೀನಿನ ಸೂಪು. ಮೀನು ಮಾಂಸ ತಿನ್ನದವರು ಅರ್ಜಿ ತುಂಬುವಾಗಲೇ ಸ್ಪಷ್ಟವಾಗಿ ಬರೆದಿರಬೇಕು. ಅಲ್ಲಿ ಸಸ್ಯಾಹಾರ ಅಪರೂಪದ್ದೇನೂ ಅಲ್ಲ, ಶಾಲೆಯ ಊಟದಲ್ಲೂ ಸಿಗುತ್ತದೆ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬಿಟ್ಟಿ ಬಿಸಿಯೂಟ ಕೊಡುವ ಕಾನೂನನ್ನು 1943ರಲ್ಲಿ ತಂದು, 1948ರಿಂದ ಪೂರ್ತಿ ಜಾರಿಗೆ ತಂದ ದೇಶ ಅದು. ಊಟದ ಜೊತೆ ಹಾಲು ಕುಡಿಯುವವರ ನಡುವೆ ‘ಪೀಮ’ ಎಂಬ ಹುಳಿ ಹಾಲನ್ನು ಕುಡಿಯುವವರೂ ಇದ್ದಾರೆ. ಗಟ್ಟಿ ಮಜ್ಜಿಗೆಯದೇ ರುಚಿ. ಸಂಜೆಯ ಕಾಫಿಯ ಜೊತೆ ಬರುವ ‘ಪುಲ್ಲ’ ಎಂಬ ಸಿಹಿ ಬನ್ನಿನಲ್ಲಿ ಏಲಕ್ಕಿಯ ಘಮ ಎದ್ದು ಹೊಡೆಯುತ್ತದೆ. ಮಲೆನಾಡಿನ ಮಕ್ಕಳಿಗೆ ಅಳು ಬರುವುದು ಇಂಥ ಕಡೆಯೇ.

ಆದರೆ ಇಲ್ಲಿ ಗಮನಿಸಬೇಕಾದದ್ದು ತಟ್ಟೆಯಲ್ಲಿ ಇರುವುದಕ್ಕಿಂತ ತಟ್ಟೆಗೆ ಬರುವ ಬಗೆಯನ್ನು. ನಮ್ಮಲ್ಲಿ ಬಡಿಸುವುದು ಒಂದು ಕಲೆ. ‘ಇನ್ನೊಂದು ಹೋಳಿಗೆ ಹಾಕ್ಲಾ?’ ‘ಅಯ್ಯೋ ಬೇಡ.’ ‘ಒಂದೇ ಒಂದು.’ ‘ಬೇಡ ಅತ್ತೆ, ಹೊಟ್ಟೆ ತುಂಬಿದೆ.’ ‘ಈ ವಯಸ್ಸಲ್ಲಿ ತಿನ್ನದೆ ಇನ್ಯಾವಾಗ ತಿಂತೀಯ?’ ಎಂದು ಹೋಳಿಗೆ ಬಿದ್ದೇ ಬೀಳುತ್ತದೆ. ಬೇಡ ಎಂದದ್ದು ಸುಳ್ಳು ಎಂದು ಇಬ್ಬರಿಗೂ ಗೊತ್ತು. ಫಿನ್ಲೆಂಡಿನ ಮೇಜಿನಲ್ಲಿ ಪಾತ್ರೆ ನಡುವೆ ಇರುತ್ತದೆ, ಬೇಕಾದಷ್ಟು ಬಡಿಸಿಕೊಳ್ಳಬೇಕು. ಬೇಕೇ ಎಂದು ಒಂದು ಸಲ ಕೇಳುತ್ತಾರೆ. ಬೇಡ ಎಂದರೆ ಬೇಡ. ಮತ್ತೆ ಕೇಳುವುದು ಎದುರಿನವರ ಮಾತನ್ನು ನಂಬದಿದ್ದ ಹಾಗೆ. ಮರ್ಯಾದೆಗೆಂದು ಬೇಡ ಅಂದ ನಮ್ಮ ಹುಡುಗಿ ಮರ್ಯಾದೆಯಾಗಿಯೇ ಹಸಿದು ಮಲಗುತ್ತಾಳೆ. ‘ಇಲ್ಲಿ ಯಾರಿಗೂ ಪ್ರೀತಿಯಿಲ್ಲ’ ಎಂದು ಅವಳು ಮನೆಗೆ ಫೋನು ಮಾಡಿದರೆ, ಇತ್ತ ಆ ಮನೆಯಾಕೆ ‘ಪಾಪ, ಕಡಿಮೆ ತಿನ್ನುವ ಹುಡುಗಿ’ ಎಂದುಕೊಂಡು ಅಡುಗೆ ಕಡಿಮೆ ಮಾಡುತ್ತಿರುತ್ತಾಳೆ. ಇಬ್ಬರೂ ಒಳ್ಳೆಯವರೇ. ನಡುವೆ ಹೇಳಿಕೊಡುವವರಿಲ್ಲದಿದ್ದರೆ ಇಬ್ಬರಿಗೂ ನೋವು.

ಸೌನಾದ ಸಂಕೋಚ

ಶಿಬಿರದಲ್ಲಿ ಎಲ್ಲರೂ ಕುತೂಹಲದಿಂದ ಕಾಯುವುದು, ಎಲ್ಲರೂ ಹೆದರುವುದು ಸೌನಾಕ್ಕೆ. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಮನೆಗೊಂದು, ಅಪಾರ್ಟ್‌ಮೆಂಟಿಗೊಂದು, ಕೆರೆದಂಡೆಯ ಬೇಸಿಗೆ ಮನೆಗೊಂದು. 2020ರಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮರದ ಹಲಗೆಯ ಕೋಣೆ, ಒಲೆಯ ಮೇಲೆ ಕಾದ ಕಲ್ಲುಗಳು, ಅವುಗಳ ಮೇಲೆ ನೀರು ಸುರಿದಾಗ ಭುಸ್ಸೆಂದು ಏಳುವ ಹಬೆ. ಒಳಗೆ 80 ಡಿಗ್ರಿ ಸೆಲ್ಸಿಯಸ್ ದಾಟುವ ಶಾಖ. ಬೆವತು ನೀರಾದವರು ಹೊರಗೆ ಓಡಿ ಸರೋವರಕ್ಕೆ ಧುಮುಕುತ್ತಾರೆ, ನಡುಗುತ್ತ ಮತ್ತೆ ಒಳಗೆ ಬರುತ್ತಾರೆ. ಬರ್ಚ್ ಸೊಪ್ಪಿನ ಕಟ್ಟಿನಿಂದ ಮೈಗೆ ತಟ್ಟಿಕೊಳ್ಳುವುದೂ ಉಂಟು.

ದೀಪಾವಳಿಯ ಎಣ್ಣೆನೀರಿನ ಹಾಗೆ ಇದು ಮೈತೊಳೆಯುವುದಕ್ಕಿಂತ ದೊಡ್ಡ ಸಂಗತಿ. ಹಿಂದೆ ಹಳ್ಳಿಗಳಲ್ಲಿ ಹೆರಿಗೆಯಾಗುತ್ತಿದ್ದುದು ಸೌನಾದಲ್ಲಿ, ಸತ್ತವರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದುದೂ ಅಲ್ಲೇ. ಒಳಗೆ ಕೂತಾಗ ಅಧಿಕಾರಿಯೂ ಒಂದೇ, ಆಳೂ ಒಂದೇ ಎಂಬ ಭಾವ. ಮನೆಯವರು ಬಟ್ಟೆಯಿಲ್ಲದೆ ಕೂರುವುದು ಅಲ್ಲಿ ಸಹಜ, ಅದರಲ್ಲಿ ಬೇರೆ ಅರ್ಥವಿಲ್ಲ. ಹೊರಗಿನವರ ಜೊತೆಯಾದರೆ ಹೆಣ್ಣು ಗಂಡಿಗೆ ಸಾಮಾನ್ಯವಾಗಿ ಬೇರೆ ಬೇರೆ ಸರದಿ. ನಮ್ಮ ಮಕ್ಕಳಿಗೆ ಇದು ಮುಜುಗರ ತರುವುದು ಸಹಜವೇ. ಈಜುಡುಗೆ ಹಾಕಿಕೊಳ್ಳಲೇ, ಟವೆಲು ಸುತ್ತಿಕೊಳ್ಳಲೇ ಎಂದು ಕೇಳಬಹುದು. ಬೇಡ ಅನ್ನಿಸಿದರೆ ಬೇಡ ಎನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಸಲ ಹೇಳಿದ ಬೇಡ ಎಂಬ ಮಾತಿಗೆ ಅಲ್ಲಿ ಬೆಲೆಯಿದೆ. ಊಟದ ಮೇಜಿನಲ್ಲಿ ಕಠಿಣವಾಗಿ ಕಂಡ ಅದೇ ಗುಣ ಇಲ್ಲಿ ರಕ್ಷಣೆಯಾಗಿ ನಿಲ್ಲುತ್ತದೆ.

ಇನ್ನು ನಮ್ಮವರು ನಾಚಿ ಕೇಳದೆ ಉಳಿಯುವ ಒಂದು ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡಬಹುದು. ಫಿನ್ಲೆಂಡಿನ ಹೆಚ್ಚಿನ ಶೌಚಾಲಯಗಳಲ್ಲಿ ಕೈಯಲ್ಲಿ ಹಿಡಿಯುವ ನೀರಿನ ಜೆಟ್ ಇರುತ್ತದೆ. ಮನೆಯೊಳಗೆ ಕಾಲಿಡುವ ಮುಂಚೆ ಚಪ್ಪಲಿ ಬಿಡುವುದು ಅಲ್ಲೂ ಕಡ್ಡಾಯ. ಯುರೋಪಿನ ಎಷ್ಟೋ ದೇಶಗಳಿಗಿಂತ ಈ ಎರಡು ವಿಷಯದಲ್ಲಿ ಅದು ನಮ್ಮ ಊರೇ.

ನಾಲ್ಕು ನಿಷೇಧ, ಹತ್ತಾರು ಪ್ರಶ್ನೆ

ಹಾಡು ಆಟಗಳ ನಡುವೆ ಒಂದು ಹೊತ್ತು ಮುಖ ಗಂಟಿಕ್ಕಿ ಹೇಳುವ ಮಾತುಗಳಿರುತ್ತವೆ. ಕುಡಿಯಬಾರದು, ಡ್ರಗ್ಸ್ ಮುಟ್ಟಬಾರದು, ವಾಹನ ಓಡಿಸಬಾರದು, ಪ್ರೇಮದಲ್ಲಿ ಸಿಲುಕಬಾರದು. ಇಂಗ್ಲಿಷಿನಲ್ಲಿ ನಾಲ್ಕೂ ಡಿ ಅಕ್ಷರದಿಂದ ಶುರುವಾಗುವುದರಿಂದ ಜಗತ್ತಿನ ರೋಟರಿ ವಿನಿಮಯದವರೆಲ್ಲ ಇವನ್ನು ‘ನಾಲ್ಕು ಡಿ’ ಎಂದೇ ಕರೆಯುತ್ತಾರೆ. ಮೀರಿದರೆ ಮುಂದಿನ ವಿಮಾನದಲ್ಲಿ ಮನೆಗೆ ಕಳಿಸುವುದೂ ಉಂಟು. ಮೊದಲ ಮೂರಕ್ಕೆ ಕಾನೂನು, ವಿಮೆ, ಪ್ರಾಣದ ಕಾರಣಗಳಿವೆ. ನಾಲ್ಕನೆಯದನ್ನು ಕೇಳಿ ಹುಡುಗರು ಮುಸಿಮುಸಿ ನಗುತ್ತಾರೆ. ಒಬ್ಬರಿಗೇ ಅಂಟಿಕೊಂಡವರಿಗೆ ಊರು, ಮನೆ, ಭಾಷೆ ಯಾವುದೂ ದಕ್ಕುವುದಿಲ್ಲ, ಅದು ಮುರಿದಾಗ ಸಮಾಧಾನ ಹೇಳಲು ತನ್ನವರು ಹತ್ತಿರ ಇರುವುದಿಲ್ಲ. ನಿಯಮ ಬಂದಿರುವುದು ಈ ಅನುಭವದಿಂದ.

ಇದಕ್ಕಿಂತ ಮುಖ್ಯವಾದದ್ದು, ಕಷ್ಟ ಬಂದಾಗ ಯಾರಿಗೆ ಹೇಳಬೇಕು ಎಂಬ ತಿಳಿವಳಿಕೆ. ಪ್ರತಿ ವಿದ್ಯಾರ್ಥಿಗೂ ಊರಿನ ಕ್ಲಬ್ಬಿನಿಂದ ಒಬ್ಬ ಸಲಹೆಗಾರರು ಗೊತ್ತಾಗಿರುತ್ತಾರೆ. ಅವರು ಆತಿಥೇಯ ಮನೆಯವರಾಗಿರಬಾರದು ಎಂಬುದು ನಿಯಮ. ಮನೆಯವರ ಬಗ್ಗೆಯೇ ದೂರಿದ್ದರೆ ಹೇಳಲು ಬೇರೆ ಕಿವಿ ಬೇಕಲ್ಲ. ಯಾರಾದರೂ ಮೈಮುಟ್ಟಿದರೆ, ಹೆದರಿಸಿದರೆ, ಅವಮಾನಿಸಿದರೆ ಸುಮ್ಮನಿರಬಾರದು ಎಂದು ಶಿಬಿರದಲ್ಲಿ ಬಿಡಿಸಿ ಹೇಳುತ್ತಾರೆ. ‘ಹೊಂದಿಕೊಂಡು ಹೋಗು’ ಎಂದು ಕಲಿಸಿ ಕಳಿಸಿದ ನಮ್ಮ ಮನೆಯವರೂ ಈ ಮಾತನ್ನು ಹೊರಡುವ ಮುಂಚೆಯೇ ಹೇಳಿರಬೇಕು. ತುರ್ತು ಕರೆಗೆ ಅಲ್ಲಿಯೂ 112.

ಕೊನೆಯಲ್ಲಿ ಕೈಗೆ ಸಿಗುವುದು ಒಂದು ಹಾಳೆ. ‘ಮೊದಲ ರಾತ್ರಿಯ ಪ್ರಶ್ನೆಗಳು’ ಎಂದು ರೋಟರಿ ವಿನಿಮಯದಲ್ಲಿ ಹೆಸರಾದ ಪಟ್ಟಿ ಅದು. ಹಲವು ಭಾಷೆಗಳಿಗೆ ಅನುವಾದಗೊಂಡಿದೆ. ಆತಿಥೇಯರ ಮನೆಗೆ ಹೋದ ಮೊದಲ ರಾತ್ರಿ, ತಡವೆಂದರೆ ಮಾರನೆಯ ದಿನ, ಅವರ ಜೊತೆ ಕೂತು ಒಂದೊಂದಾಗಿ ಕೇಳಬೇಕು. ನಿಮ್ಮನ್ನು ಏನೆಂದು ಕರೆಯಲಿ? ದಿನವೂ ನಾನು ಮಾಡಬೇಕಾದ ಕೆಲಸಗಳೇನು? ಕೊಳೆ ಬಟ್ಟೆ ಎಲ್ಲಿ ಹಾಕಲಿ, ಒಳಉಡುಪನ್ನು ನಾನೇ ಒಗೆಯಬೇಕೆ? ಬೆಳಿಗ್ಗೆ ಬಚ್ಚಲು ಯಾವ ಹೊತ್ತಿಗೆ ನನಗೆ ಬಿಡುವು? ಸ್ನಾನ ಎಷ್ಟು ನಿಮಿಷ ಮಾಡಬಹುದು? ಫ್ರಿಜ್ಜಿನಿಂದ ಕೇಳದೆ ಏನನ್ನು ತೆಗೆದುಕೊಳ್ಳಬಹುದು, ಏನನ್ನು ಮುಟ್ಟಬಾರದು? ಸಂಜೆ ಎಷ್ಟು ಗಂಟೆಯೊಳಗೆ ಮನೆಗೆ ಬರಬೇಕು? ಗೆಳೆಯರನ್ನು ಕರೆತರಬಹುದೆ? ನಿಮಗೆ ಯಾವುದು ಸಿಟ್ಟು ತರಿಸುತ್ತದೆ?

ಓದಿದರೆ ನಮ್ಮವರಿಗೆ ನಗು ಬರುತ್ತದೆ. ಇಷ್ಟನ್ನೆಲ್ಲ ಬಾಯಿಬಿಟ್ಟು ಕೇಳಬೇಕೆ, ನೋಡಿ ತಿಳಿದುಕೊಳ್ಳಬಾರದೆ? ನಮ್ಮ ಮನೆಗಳಲ್ಲಿ ನಿಯಮಗಳನ್ನು ಹೇಳುವುದಿಲ್ಲ, ತಪ್ಪಿದಾಗ ಮುಖ ತಿರುಗಿಸುತ್ತೇವೆ. ಸೊಸೆಯಾಗಿ ಬಂದವರನ್ನು ಕೇಳಿದರೆ ಗೊತ್ತಾಗುತ್ತದೆ, ಹೇಳದೆ ಬಿಟ್ಟ ನಿಯಮಗಳ ನಡುವೆ ಬಾಳುವ ಕಷ್ಟ. ಈ ಹಾಳೆ ಆ ಕಷ್ಟವನ್ನು ಒಂದೇ ರಾತ್ರಿಯಲ್ಲಿ ಅರ್ಧಕ್ಕಿಳಿಸುತ್ತದೆ. ಮನೆಯವರಿಗೂ ಅದೇ ಹೊತ್ತಿಗೆ ತಮ್ಮ ಮನೆಯ ನಿಯಮಗಳು ಏನೆಂದು ಮೊದಲ ಸಲ ಯೋಚಿಸುವ ಅವಕಾಶ. ಶಿಬಿರದಿಂದ ಒಂದನ್ನೇ ಕಲಿತು ಬರಬಹುದೆಂದರೆ ನಾನು ಆರಿಸುವುದು ಈ ಹಾಳೆಯನ್ನು. ಕೇಳುವುದು ಅಧಿಕಪ್ರಸಂಗವಲ್ಲ ಎಂದು ತಿಳಿದ ಮಗು ಎಲ್ಲಿಯಾದರೂ ಬದುಕುತ್ತದೆ.

ಚಳಿಗಾಲದ ಮಂಕು

ಶಿಬಿರ ಮುಗಿಯುವ ದಿನ ಎಲ್ಲರೂ ಅಳುತ್ತಾರೆ. ಕೆಲವೇ ದಿನಗಳ ಗೆಳೆತನ ಅಷ್ಟು ಗಾಢವಾಗಲು ಕಾರಣವೂ ಇದೆ. ಒಂದೇ ದೋಣಿಯವರು, ಒಂದೇ ಭಯ. ಈ ಗೆಳೆತನ ಮುಂದೆ ಆಸರೆಯಾಗುತ್ತದೆ, ಅಡ್ಡಿಯೂ ಆಗುತ್ತದೆ. ತಮ್ಮ ತಮ್ಮ ಊರುಗಳಿಗೆ ಚದುರಿದ ಮೇಲೂ ಇವರು ದಿನವಿಡೀ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಸಂದೇಶ ಕಳಿಸುತ್ತ ಕೂತರೆ, ಪಕ್ಕದ ಬೆಂಚಿನ ಫಿನ್ನಿಷ್ ಹುಡುಗಿ ಅಪರಿಚಿತಳಾಗಿಯೇ ಉಳಿಯುತ್ತಾಳೆ. ಅಲ್ಲಿನ ಹುಡುಗರು ತಾವಾಗಿ ಬಂದು ಮಾತಾಡಿಸುವುದು ಕಡಿಮೆ. ಅದು ಜಂಬವಲ್ಲ, ಇನ್ನೊಬ್ಬರ ಪಾಡಿಗೆ ಅವರನ್ನು ಬಿಡುವ ರೀತಿ. ಮೊದಲ ಹೆಜ್ಜೆ ಬಂದವರೇ ಇಡಬೇಕು.

ಆಗಸ್ಟ್ ಕಾಡಿನಲ್ಲಿ ನೀಲಿ ಬೆರಿಹಣ್ಣಿನ ಕಾಲ. ಯಾರ ಕಾಡಿಗೆ ಬೇಕಾದರೂ ಹೋಗಿ ಹಣ್ಣು, ಅಣಬೆ ಕೀಳುವ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಇದೆ. ಬೇಲಿ, ಕಾವಲುಗಾರ, ಬೈಗುಳ ಯಾವುದೂ ಇಲ್ಲ. ಇಂಥ ದಿನಗಳಲ್ಲಿ ಎಲ್ಲವೂ ಚಂದ. ಡಿಸೆಂಬರ್ ಬಂದಾಗ ತಂಪೆರೆಯ ಕಡೆ ಹಗಲು ಐದೂಕಾಲು ಗಂಟೆಯಷ್ಟೇ. ಶಾಲೆಗೆ ಹೋಗುವಾಗ ಕತ್ತಲೆ, ಬರುವಾಗ ಕತ್ತಲೆ. ಮಗು ಮಂಕಾಗುವುದು ಆಗ.

ಹೊಸ ನೆಲದಲ್ಲಿ ಬರುವ ಈ ಮಂಕನ್ನು ‘ಕಲ್ಚರ್ ಶಾಕ್’ ಎಂದು ವಿವರಿಸಿ ಪ್ರಚಾರಕ್ಕೆ ತಂದ ಮಾನವಶಾಸ್ತ್ರಜ್ಞ ಕಲೆರ್ವೊ ಒಬೆರ್ಗ್. 1954ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ, ಅಲ್ಲಿ ನೆಲೆಸಿದ್ದ ಹೊರದೇಶದವರ ಮುಂದೆ ಆತ ಮಾಡಿದ ಭಾಷಣ ಮುಂದೆ ಹೆಸರಾಯಿತು. ಕೆನಡಾದಲ್ಲಿ ಹುಟ್ಟಿದ ಈತನ ತಂದೆತಾಯಿ ಫಿನ್ಲೆಂಡಿನಿಂದ ವಲಸೆ ಹೋದವರು ಎಂಬುದು ಸೊಗಸಾದ ಕಾಕತಾಳೀಯ. ಮೊದಲು ಮಧುಚಂದ್ರ, ಆಮೇಲೆ ಬಿಕ್ಕಟ್ಟು, ಅನಂತರ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂಬ ನಾಲ್ಕು ಘಟ್ಟಗಳನ್ನು ಆತ ಹೇಳಿದ. ಬಿಕ್ಕಟ್ಟಿನ ಲಕ್ಷಣಗಳಾಗಿ ಆತ ಪಟ್ಟಿಮಾಡಿದ್ದು ಕೈಯನ್ನು ಪದೇಪದೇ ತೊಳೆಯುವುದು, ಕುಡಿಯುವ ನೀರು ಹಾಸಿಗೆಗಳ ಬಗ್ಗೆ ಅತಿ ಅನುಮಾನ, ಎಲ್ಲರೂ ಮೋಸ ಮಾಡುತ್ತಾರೆಂಬ ಭಯ, ಸಣ್ಣ ತಡಕ್ಕೂ ಸಿಡಿಮಿಡಿ, ಅಲ್ಲಿಯ ಭಾಷೆ ಕಲಿಯಲು ಮೊಂಡು, ತನ್ನ ದೇಶದವರಿಗೇ ಅಂಟಿಕೊಳ್ಳುವುದು. ನಾಲ್ಕೂ ಘಟ್ಟ ಎಲ್ಲರಿಗೂ ಅದೇ ಸಾಲಿನಲ್ಲಿ ಬರಬೇಕೆಂದಿಲ್ಲ. ಆದರೂ ಶಿಬಿರದಲ್ಲಿ ಈ ಚಿತ್ರವನ್ನು ಬರೆದು ತೋರಿಸುವುದರಲ್ಲಿ ಅರ್ಥವಿದೆ. ಕತ್ತಲ ತಿಂಗಳಲ್ಲಿ ತನಗೆ ಮಾತ್ರ ಹೀಗಾಗುತ್ತಿದೆ ಎಂದುಕೊಳ್ಳುವ ಮಗುವಿಗೆ, ಇದು ದಾರಿಯಲ್ಲಿ ಬರುವ ತಗ್ಗು ಎಂದು ಮೊದಲೇ ಗೊತ್ತಿದ್ದರೆ ಧೈರ್ಯ.

ಮನೆಯಲ್ಲಿ ಉಳಿದವರಿಗೆ

ಶಿಬಿರಕ್ಕೆ ಹೋಗುವವರು ಮಕ್ಕಳಾದರೂ ಅದರ ಪಾಠ ಹೆತ್ತವರಿಗೂ ಬೇಕು. ದಿನಕ್ಕೆ ಮೂರು ಸಲ ವಿಡಿಯೊ ಕರೆ ಮಾಡಿ ‘ಏನು ತಿಂದೆ?’ ಎಂದು ಕೇಳುವ ತಾಯಿ, ಮಗಳ ದೇಹವನ್ನು ಫಿನ್ಲೆಂಡಿಗೆ ಕಳಿಸಿ ಮನಸ್ಸನ್ನು ಅಡುಗೆಮನೆಯಲ್ಲೇ ಕಟ್ಟಿಹಾಕಿದಂತೆ. ಹಿಂದಿನ ತಲೆಮಾರಿನವರು ಕಾಗದಕ್ಕಾಗಿ ವಾರಗಟ್ಟಲೆ ಕಾದರು, ಅವರ ಮಕ್ಕಳು ಅಷ್ಟು ಹೊತ್ತಿಗೆ ತಮ್ಮ ಸಮಸ್ಯೆಯನ್ನು ತಾವೇ ಬಗೆಹರಿಸಿಕೊಂಡಿರುತ್ತಿದ್ದರು. ಕರೆಗಳನ್ನು ಕಡಿಮೆ ಮಾಡಿ ಎಂದು ಆಯೋಜಕರು ಹೇಳುವುದು ಕ್ರೌರ್ಯದಿಂದಲ್ಲ. ಅಳುವ ಮಗು ಮೊದಲು ಎದುರಿಗಿರುವ ಮನೆಯಾಕೆಯ ಹತ್ತಿರ ಹೋಗಲಿ ಎಂಬುದು ಅವರ ಆಸೆ.

ಒಂದು ವರ್ಷ ಹಾಳಾಗುವುದಿಲ್ಲವೇ ಎಂಬುದು ನಮ್ಮ ಮಧ್ಯಮವರ್ಗದ ದೊಡ್ಡ ಪ್ರಶ್ನೆ. ಎಸ್ಎಸ್ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಎಂದು ಮೆಟ್ಟಿಲು ಎಣಿಸುವ ಮನೆಗಳಲ್ಲಿ ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಅಲ್ಲಿನ ಒಂದು ವರ್ಷದ ಓದು ಇಲ್ಲಿನ ತರಗತಿಯ ಲೆಕ್ಕಕ್ಕೆ ಸೇರುತ್ತದೆಂದು ಭಾವಿಸಿ ಹೋಗುವುದು ತಪ್ಪು. ಹೊರಡುವ ಮುಂಚೆ ಶಾಲೆ ಅಥವಾ ಕಾಲೇಜಿನಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಒಂದು ವರ್ಷ ತಡವಾಗಿ ಪಿಯುಸಿ ಮುಗಿಸಿದರೆ ಬದುಕು ಮುಳುಗುವುದಿಲ್ಲ ಎಂದು ನಂಬುವವರಿಗೆ ಮಾತ್ರ ಇದು ಸರಿ. ಆ ನಂಬಿಕೆ ಇಲ್ಲದ ಮನೆಯ ಮಗು ಅಲ್ಲಿ ಕೂತು ಇಲ್ಲಿನ ಕೋಚಿಂಗ್ ಪಾಠಗಳನ್ನೇ ಫೋನಿನಲ್ಲಿ ನೋಡುತ್ತಿರುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಬೇಗ ಮರೆಯುತ್ತೇವೆ. ಇದರ ಹೆಸರೇ ವಿನಿಮಯ. ಇಲ್ಲಿಂದ ಒಂದು ಮಗು ಹೋದರೆ ಅಲ್ಲಿಂದ ಒಂದು ಮಗು ಇಲ್ಲಿಗೆ ಬರಬೇಕು, ಯಾರದೋ ಮನೆಯಲ್ಲಿ ಇರಬೇಕು. ಕಳಿಸುವಾಗ ಮುಂದೆ ನಿಲ್ಲುವ ನಮ್ಮವರು ಇರಿಸಿಕೊಳ್ಳುವಾಗ ಹಿಂದೆ ಸರಿಯುತ್ತಾರೆ. ಮನೆ ಚಿಕ್ಕದು, ಅಜ್ಜಿಗೆ ಮಡಿ, ಅವರಿಗೆ ನಮ್ಮ ಊಟ ಹಿಡಿಸದು ಎಂಬ ನೆಪಗಳು. ಫಿನ್ಲೆಂಡಿನಿಂದ ಬರುವ ಹುಡುಗನಿಗೆ ಬೇಕಾದದ್ದು ಅರಮನೆಯಲ್ಲ. ಒಂದು ಹಾಸಿಗೆ, ಮನೆಯವರ ಜೊತೆ ಊಟ, ಮತ್ತು ಈ ಮನೆಯಲ್ಲಿ ಏನು ಸರಿ, ಏನು ತಪ್ಪು ಎಂದು ಮೊದಲ ದಿನವೇ ಹೇಳುವ ಒಬ್ಬರು. ದೇವರಮನೆಗೆ ಯಾವಾಗ ಹೋಗಬಹುದು, ಎಡಗೈಯಲ್ಲಿ ಏಕೆ ಕೊಡಬಾರದು, ಸಂಜೆ ತಡವಾದರೆ ಅಜ್ಜಿ ಏಕೆ ಗಾಬರಿಯಾಗುತ್ತಾರೆ ಎಂಬುದನ್ನೆಲ್ಲ ಅವನು ಊಹಿಸಿ ತಿಳಿಯಲಾರ.

ಮಕ್ಕಳನ್ನು ಕಳಿಸಬೇಕೆಂದಿರುವವರು ಒಂದು ವರ್ಷ ಮೊದಲೇ ಹತ್ತಿರದ ರೋಟರಿ ಕ್ಲಬ್ಬಿನಲ್ಲಿ ವಿಚಾರಿಸಿ. ವರ್ಷಪೂರ್ತಿಯ ವಿನಿಮಯ ಎಲ್ಲ ರೋಟರಿ ಜಿಲ್ಲೆಗಳಲ್ಲೂ ನಡೆಯುವುದಿಲ್ಲ, ಸಂದರ್ಶನ ಮತ್ತು ಕಾಗದಪತ್ರಗಳಿಗೆ ತಿಂಗಳುಗಳೇ ಬೇಕು. ವಿಚಾರಿಸಲು ಹೋದಾಗ ‘ನಮ್ಮ ಮಗಳನ್ನು ಕಳಿಸಬಹುದೇ?’ ಎಂಬ ಪ್ರಶ್ನೆಯ ಜೊತೆಗೆ ‘ನಮ್ಮ ಮನೆಗೆ ಯಾರನ್ನು ಕಳಿಸುತ್ತೀರಿ?’ ಎಂದೂ ಕೇಳಿ.